ಗೇರ್‌ಬಾಕ್ಸ್ ಮತ್ತೆ ಮತ್ತೆ ಕೈಕೊಡುತ್ತಿದ್ದರೆ: ಇನ್ನೊಮ್ಮೆ ಇಳಿಸುವ ಮುಂಚೆ ನೋಡಬೇಕಾದದ್ದು

ಒಮ್ಮೆ ಗೇರ್‌ಬಾಕ್ಸ್ ಇಳಿಸಿ ಕೆಲಸ ಮಾಡಿಸಿದ ಕಾರು ವರ್ಷ ತುಂಬುವುದರೊಳಗೆ ಅದೇ ತಕರಾರಿಗೆ ಮತ್ತೆ ಗ್ಯಾರೇಜು ಸೇರಿದರೆ ಮನೆಯಲ್ಲಿ ಮೂರು ಮಾತು ಏಳುತ್ತವೆ: ಮಿಸ್ತ್ರಿ ಸರಿಯಿಲ್ಲ, ಸಾಮಾನು ಡುಪ್ಲಿಕೇಟ್, ಈ ಕಂಪನಿ ಗಾಡಿನೇ ಹಿಂಗ. ಮೂರೂ ಒಮ್ಮೊಮ್ಮೆ ನಿಜವೇ. ಆದರೆ ಮರುಕಳಿಸುವ ದೋಷವನ್ನು ಬೆನ್ನು ಹತ್ತಿ ಹೋದರೆ ಹೆಚ್ಚಾಗಿ ಸಿಗುವುದು ಇಷ್ಟು: ಕೆಟ್ಟ ಭಾಗ ಬದಲಾಗಿದೆ, ಅದನ್ನು ಕೆಡಿಸಿದ್ದು ಹಾಗೇ ಕೂತಿದೆ. ಕ್ಲಚ್ ಪ್ಲೇಟ್ ಹೊಸದು, ಅದರ ಮೇಲೆ ಎಣ್ಣೆ ಸುರಿಸಿದ ಸೀಲ್ ಹಳೆಯದು. ಬೇರಿಂಗ್ ಹೊಸದು, ಎಣ್ಣೆ ಸೋರಿಹೋದ ದಾರಿ ಹಳೆಯದು.

ಹಾಗಾಗಿ ಕೆಳಗಿನದ್ದನ್ನು ನೀವು ಕಾಣುವ, ಕೇಳುವ, ಮೂಗಿಗೆ ಬಡಿಯುವ ಲಕ್ಷಣಗಳಿಂದಲೇ ಹಿಡಿದು ಬರೆದಿದೆ. ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ತಪಾಸಣೆ ಮೊದಲು, ಬಾಕ್ಸ್ ಇಳಿಸುವ ಮಾತು ಕೊನೆಗೆ.

ಕೈ ಹಾಕುವ ಮುಂಚೆ

ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಅಡ್ಡ ಕಲ್ಲು ಕೊಡಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆಯಿರಲಿ, ಕೈಯನ್ನೂ ಹಾಕಬೇಡಿ. ಜ್ಯಾಕ್ ಸ್ಟ್ಯಾಂಡ್ ಬೇಕೇ ಬೇಕು. ಅಂಗಳದಲ್ಲಿ ಬಿದ್ದಿದೆ ಎಂದು ಶಹಾಬಾದ್ ಫರಸಿ ಕಲ್ಲನ್ನು ಒಂದರ ಮೇಲೊಂದು ಜೋಡಿಸಿ ಆಸರೆ ಕೊಡಬೇಡಿ, ಅದು ಪದರ ಪದರವಾಗಿ ಸೀಳುವ ಕಲ್ಲು. ನಮ್ಮ ಕಲಬುರಗಿ ಕಡೆ ಮೇ ತಿಂಗಳಲ್ಲಿ ಹೊರಗೇ 42–43 ಡಿಗ್ರಿ ಇರುವಾಗ ಈಗಷ್ಟೇ ಓಡಿ ಬಂದ ಗಾಡಿಯ ಎಣ್ಣೆ ಚರ್ಮ ಸುಡುತ್ತದೆ. ಒಂದೆರಡು ತಾಸು ಆರಲು ಬಿಟ್ಟು, ಉಗುರು ಬೆಚ್ಚಗಿರುವಾಗ ನೋಡಿ.

ನಿಮ್ಮ ಕಾರಿನಲ್ಲಿ ಯಾವ ಬಗೆಯ ಬಾಕ್ಸ್ ಇದೆ ಎಂಬುದೂ ಗೊತ್ತಿರಬೇಕು. ಕ್ಲಚ್ ಪೆಡಲ್ ಇದ್ದರೆ ಮ್ಯಾನುಯಲ್. ಪೆಡಲ್ ಇಲ್ಲದ್ದೆಲ್ಲ ‘ಆಟೊಮ್ಯಾಟಿಕ್’ ಅನ್ನಿಸಿಕೊಂಡರೂ ಒಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ: ಎಎಂಟಿ, ಟಾರ್ಕ್ ಕನ್ವರ್ಟರ್, ಸಿವಿಟಿ, ಡ್ಯುಯಲ್ ಕ್ಲಚ್. ಒಂದರ ಎಣ್ಣೆ ಇನ್ನೊಂದಕ್ಕೆ ನಡೆಯುವುದಿಲ್ಲ, ಒಂದರ ಚಿಕಿತ್ಸೆಯೂ ಹಾಗೆಯೇ.

ಗೇರ್ ಬೀಳವಲ್ದು

ಮೊದಲ ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಎಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ, ಎಲ್ಲ ಗೇರನ್ನೂ ಒಂದೊಂದಾಗಿ ಹಾಕಿ ನೋಡಿ. ಎಂಜಿನ್ ಬಂದ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಚಾಲೂ ಇದ್ದಾಗ ಮಾತ್ರ ಹಟ ಮಾಡಿದರೆ ಬಾಕ್ಸ್ ಬಹುಪಾಲು ನಿರಪರಾಧಿ. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅರ್ಥ. ಎರಡೂ ಹೊತ್ತಿನಲ್ಲಿ ಬಿಗಿಯಾಗಿದ್ದರೆ ಗೇರ್ ಕೇಬಲ್, ಲಿವರ್‌ನ ಬುಷ್, ಆಮೇಲೆ ಬಾಕ್ಸ್ ಒಳಗೆ ಗೇರ್ ಸರಿಸುವ ಫೋರ್ಕ್, ಹೀಗೆ ಹೊರಗಿನಿಂದ ಒಳಕ್ಕೆ ಹುಡುಕಬೇಕು.

ಕ್ಲಚ್ ಯಾಕೆ ಬಿಡುತ್ತಿಲ್ಲ? ಕಾಲ ಕೆಳಗೆ ನೋಡಿ. ಕಂಪನಿಯ ಮ್ಯಾಟ್ ಮೇಲೆ ಇನ್ನೊಂದು ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಮಳೆಗಾಲದ ಗೋಣಿಚೀಲ. ಪೆಡಲ್ ನೆಲ ಮುಟ್ಟುವ ಮೊದಲೇ ಅಲ್ಲಿ ನಿಂತುಬಿಡುತ್ತದೆ. ಎಲ್ಲ ತೆಗೆದು ಮತ್ತೆ ಪ್ರಯತ್ನಿಸಿ. ಇದನ್ನು ಓದಿ ನಗುವವರು ಮೊದಲು ತಮ್ಮ ಗಾಡಿಯ ಮ್ಯಾಟ್ ಎತ್ತಿ ನೋಡಲಿ.

ಕೇಬಲ್ ಕ್ಲಚ್ ಆದರೆ ಕೇಬಲ್ ಜಗ್ಗಿರಬಹುದು, ಎಳೆ ಬಿಚ್ಚಿರಬಹುದು. ಹೊಂದಿಸುವುದು ಹತ್ತು ನಿಮಿಷದ ಕೆಲಸ. ಹೈಡ್ರಾಲಿಕ್ ಆದರೆ ಬಾನೆಟ್ ಎತ್ತಿ ಎಣ್ಣೆ ಡಬ್ಬಿ ನೋಡಿ. ಬಹಳ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರುತ್ತದೆ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿಳಿದಿದ್ದರೆ ಅದು ಬ್ರೇಕಿನ ಪ್ರಶ್ನೆಯೂ ಹೌದು. ಸೋರಿಕೆ ಎಲ್ಲಿದೆ ಎಂದು ಸಿಗುವ ತನಕ ಗಾಡಿ ಓಡಿಸಬೇಡಿ. ಪೆಡಲನ್ನು ನಾಲ್ಕೈದು ಸಲ ಒತ್ತಿದ ಮೇಲೆ ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲಿನ ಕಡೆಯ ಮಾಸ್ಟರ್ ಅಥವಾ ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರಿನ ರಬ್ಬರ್ ಸೋತಿದೆ.

ಮರುಕಳಿಸುವ ತಕರಾರಿನ ಒಂದು ಬೇರು ಇಲ್ಲೇ ಇದೆ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಮತ್ತು ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಒಂದೇ ಜೋಡಿಯಾಗಿ ಬಾಕ್ಸ್‌ನ ಗಂಟೆಯಾಕಾರದ ಕವಚದ ಒಳಗೆ ಕೂತಿರುತ್ತವೆ. ಕ್ಲಚ್ ಹಾಕಿಸುವಾಗ “ಇದು ಇನ್ನೂ ಚಲೋ ಅದ, ಇರಲಿ ಬಿಡ್ರಿ” ಎಂದು ಹಳೆಯದನ್ನೇ ಬಿಟ್ಟರೆ, ಅದು ಸೋರಿದ ದಿನ ಮತ್ತೆ ಪೂರ್ತಿ ಬಾಕ್ಸ್ ಇಳಿಸಬೇಕು. ಉಳಿಸಿದ್ದು ಒಂದು ಭಾಗದ ಬೆಲೆ, ಕೊಟ್ಟದ್ದು ಎರಡು ಸಲದ ಕೂಲಿ.

ರಿವರ್ಸ್ ಗೇರ್ ಒಂದೇ ಕರ್‌ರ್ ಎಂದರೆ ಗಾಬರಿ ಬೇಡ. ಸಾಕಷ್ಟು ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ರಿಂಗ್ (ಗೇರ್ ಕೂಡುವ ಮುಂಚೆ ವೇಗ ಸರಿಹೊಂದಿಸುವ ಬಳೆ) ಇರುವುದಿಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ ಮೂರು ನಾಲ್ಕು ಸೆಕೆಂಡ್ ತಡೆದು ಹಾಕಿ. ಅಷ್ಟು ತಡೆದರೂ ಸದ್ದು ಬಂದರೆ ಮೇಲೆ ಹೇಳಿದ ಕ್ಲಚ್ ತಪಾಸಣೆಗೇ ಮರಳಬೇಕು.

ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ

ಖಾಲಿ ರಸ್ತೆಯಲ್ಲಿ ನಲವತ್ತು ಐವತ್ತರ ವೇಗದಲ್ಲಿ ಟಾಪ್ ಗೇರ್ ಹಾಕಿ ಎಕ್ಸಲೇಟರ್ ಜೋರಾಗಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ, ವೇಗದ ಮುಳ್ಳು ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆಯೂ ಬಂದರೆ ಅನುಮಾನವೇ ಬೇಡ. ಒಮ್ಮೆ ನೋಡಿದರೆ ಸಾಕು. ಈ ಪರೀಕ್ಷೆಯನ್ನು ಹತ್ತು ಸಲ ಮಾಡಿದರೆ ಉಳಿದ ಕ್ಲಚ್ ಕೂಡ ಮುಗಿಯುತ್ತದೆ.

ಅಗ್ಗದ ಕಾರಣ ಮೊದಲು: ಪೆಡಲಿನ ಆರಂಭದಲ್ಲಿ ಸ್ವಲ್ಪ ಸಡಿಲು ಇರಬೇಕು. ಕೇಬಲ್ ಅತಿ ಬಿಗಿಯಾದರೆ ಕಾಲು ತೆಗೆದ ಮೇಲೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ. ಅದನ್ನು ಹೊಂದಿಸಿದರೆ ಕೆಲವು ಗಾಡಿಗಳು ಅಲ್ಲೇ ಸರಿಹೋಗುತ್ತವೆ.

ಹೋಗದಿದ್ದರೆ ಪ್ಲೇಟ್ ಸವೆದಿದೆ. ಸರಿಯಾಗಿ ಓಡಿಸಿದ ಕಾರಿನ ಕ್ಲಚ್ ಹತ್ತಾರು ಸಾವಿರ ಕಿಲೋಮೀಟರ್ ಬಾಳುತ್ತದೆ. ಹೋದ ದೀಪಾವಳಿಗೆ ಹಾಕಿಸಿದ್ದು ಈ ಯುಗಾದಿಗೆ ಹೋದರೆ ಪ್ಲೇಟನ್ನು ಬೈದು ಪ್ರಯೋಜನವಿಲ್ಲ. ಮೂರು ಕಡೆ ನೋಡಬೇಕು.

ಒಂದನೆಯದು ಎಣ್ಣೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಎರಡು ಸೀಲ್‌ಗಳಿವೆ: ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್ ಮತ್ತು ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಸೀಲ್. ಯಾವುದು ಸೋರಿದರೂ ಎಣ್ಣೆ ನೇರವಾಗಿ ಕ್ಲಚ್ ಪ್ಲೇಟಿಗೆ ಬೀಳುತ್ತದೆ. ಎಣ್ಣೆ ಕುಡಿದ ಪ್ಲೇಟ್ ಎಷ್ಟೇ ಹೊಸದಿರಲಿ ಜಾರುತ್ತದೆ, ಅದನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ವ್ಯರ್ಥ. ಬಾಕ್ಸ್ ಇಳಿದಾಗ ನೀವೇ ಗ್ಯಾರೇಜಿಗೆ ಹೋಗಿ ಕವಚದ ಒಳಗೆ ಟಾರ್ಚ್ ಹಿಡಿದು ನೋಡಿ. ಒಣ ಕಪ್ಪು ಧೂಳು ಇದ್ದರೆ ಅದು ಸವೆತದ ಪುಡಿ, ಸಹಜ. ತೇವದ ಕಪ್ಪು ಕೆಸರು ಇದ್ದರೆ ಸೀಲ್ ಬದಲಿಸದೆ ಬಾಕ್ಸ್ ಮೇಲೆ ಏರಿಸಲು ಒಪ್ಪಬೇಡಿ. ಸೀಲ್‌ನ ಬೆಲೆ ಕ್ಲಚ್ ಸೆಟ್ಟಿನ ಮುಂದೆ ಏನೂ ಅಲ್ಲ.

ಎರಡನೆಯದು ಫ್ಲೈವೀಲ್, ಎಂದರೆ ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ, ಎಂಜಿನ್ ತುದಿಯ ಭಾರದ ಚಕ್ರ. ಸುಟ್ಟ ಕ್ಲಚ್ ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಅದರ ಮೇಲೇ ಹೊಸ ಪ್ಲೇಟ್ ಕೂರಿಸಿದರೆ ಗಾಡಿ ಎತ್ತುವಾಗ ಗಡಗಡ ನಡುಗುತ್ತದೆ, ಪ್ಲೇಟ್ ಬೇಗ ಸವೆಯುತ್ತದೆ. ಸಾದಾ ಫ್ಲೈವೀಲ್ ಆದರೆ ಲೇತ್‌ನಲ್ಲಿ ತೆಳ್ಳಗೆ ಮುಖ ತೆಗೆಸಬಹುದು. ಕೆಲವು ಡೀಸೆಲ್ ಕಾರುಗಳಲ್ಲಿರುವ ಎರಡು ತುಂಡಿನ, ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್‌ಗೆ ಈ ಉಪಾಯ ಸಲ್ಲದು. ಅದರ ಆಟ ಅಳತೆ ಮೀರಿದ್ದರೆ ಬದಲಿಸಲೇಬೇಕು, ಬಿಲ್ ಭಾರಿ ಬರುತ್ತದೆ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸುವುದೇ ಲೇಸು.

ಮೂರನೆಯದು ಓಡಿಸುವ ಕಾಲು. ಮನೆಯ ಕಾರನ್ನು ಅಪ್ಪ ಓಡಿಸುತ್ತಾರೆ, ಮಗ ಓಡಿಸುತ್ತಾನೆ, ಹಬ್ಬಕ್ಕೆ ಬಂದ ಅಳಿಯ ಓಡಿಸುತ್ತಾನೆ, ದೂರದ ಊರಿಗೆ ಬಾಡಿಗೆ ಡ್ರೈವರ್ ಬರುತ್ತಾನೆ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವವರು ಯಾರು ಎಂದು ಪಕ್ಕದ ಸೀಟಿನಲ್ಲಿ ಕೂತು ನೋಡಿದರೆ ತಿಳಿಯುತ್ತದೆ. ಕೇಳಿದರೆ ಯಾರೂ ಒಪ್ಪುವುದಿಲ್ಲ. ಇದಕ್ಕೆ ನಮ್ಮ ನೆಲವೂ ಸೇರಿಕೊಳ್ಳುತ್ತದೆ. ಜೇವರ್ಗಿ, ಸೇಡಂ, ಶಹಾಪುರದ ಎರೆ ಹೊಲದ ದಾರಿಯಲ್ಲಿ ಮಳೆ ಬಿದ್ದ ಮರುದಿನ ಕಾರು ಇಳಿಸಿದರೆ ಎರೆಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬ ಗಟ್ಟಿಯಾಗುತ್ತದೆ. ಅಲ್ಲಿ ಹಾಫ್ ಕ್ಲಚ್ ಹಿಡಿದು ಎಂಜಿನ್ ಅರಚಿಸುತ್ತ ಎತ್ತಲು ನೋಡಿದ ಕಾಲು ಗಂಟೆ ಸಾಕು, ಹೊಸ ಪ್ಲೇಟ್ ಸುಡಲು. ಸಿಕ್ಕಿಬಿದ್ದರೆ ಎಂಜಿನ್ ಬಂದ್ ಮಾಡಿ, ಗಾಲಿಯ ಮಣ್ಣು ಕೆರೆದು, ಟ್ರ್ಯಾಕ್ಟರ್ ಕರೆಸಿ.

ಒಂದೇ ಗೇರಿಗೆ ಕರ್‌ರ್, ಅಥವಾ ಗೇರ್ ತಾನಾಗಿ ಜಿಗಿಯುತ್ತದೆ

ಎಲ್ಲ ಗೇರಿಗೂ ಸದ್ದು ಬಂದರೆ ಕ್ಲಚ್. ಎರಡನೆಯದಕ್ಕೋ ಮೂರನೆಯದಕ್ಕೋ ಮಾತ್ರ ಬಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಇದಕ್ಕೆ ಬಾಕ್ಸ್ ಬಿಚ್ಚಲೇಬೇಕು, ಆದರೆ ಅವಸರವಿಲ್ಲ. ಬಿಚ್ಚುವ ಮುಂಚೆ ಎಣ್ಣೆ ಯಾವುದು ಹಾಕಿದ್ದಾರೆ ಎಂದು ಕೇಳಿ. ಗೇರ್ ಎಣ್ಣೆಯ ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ಗುರುತಿರುತ್ತದೆ. ಜಿಎಲ್-5 ಹಿಂದಿನ ಆಕ್ಸಲಿನ ಹೌಸಿಂಗಿಗೆ ಒಳ್ಳೆಯದು. ಜಿಎಲ್-4 ಕೇಳುವ ಬಾಕ್ಸ್‌ಗೆ ಅದನ್ನು ಹಾಕಿದರೆ ಅದರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆಯ ರಿಂಗುಗಳಿಗೆ ಒಗ್ಗದೆ ಹೋಗಬಹುದು, ಜಾರಿಕೆ ಹೆಚ್ಚಾಗಿ ಸಿಂಕ್ರೊ ಹಿಡಿಯುವುದೂ ಇಲ್ಲ. ‘ದಪ್ಪ ಎಣ್ಣೆ ಹಾಕ್ರಿ, ಸದ್ದು ಕಡಿಮೆ ಆಗ್ತದ’ ಎಂಬ ಸಲಹೆ ನಮ್ಮ ಕಡೆ ಧಾರಾಳ. ಸದ್ದು ಸ್ವಲ್ಪ ದಿನ ಅಡಗುತ್ತದೆ, ರಿಂಗ್ ಹೋಗುತ್ತದೆ. ಓನರ್ ಪುಸ್ತಕದಲ್ಲಿ ಬರೆದ ಎಣ್ಣೆಯೇ ಹಾಕಿಸಿ.

ಎಕ್ಸಲೇಟರ್ ಬಿಟ್ಟಾಗ ಅಥವಾ ಗುಂಡಿಯಲ್ಲಿ ಇಳಿದಾಗ ಗೇರ್ ನ್ಯೂಟ್ರಲಿಗೆ ಜಿಗಿಯುವುದು ಬೇರೆ ಕಾಯಿಲೆ. ಬಾನೆಟ್ ತೆರೆದು, ಇನ್ನೊಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ, ಗಾಡಿಯ ಎದುರಿಗೆ ಮಾತ್ರ ಯಾರೂ ನಿಲ್ಲಬಾರದು. ಎಂಜಿನ್ ಒಂದು ಕಡೆ ಎದ್ದು ಧಪ್ಪನೆ ಕೂತರೆ ಮೌಂಟಿಂಗ್ ರಬ್ಬರ್ ಹರಿದಿದೆ. ಎಂಜಿನ್ ಓಲಾಡುವಾಗ ಗೇರ್ ಕೇಬಲ್ಲನ್ನೂ ಎಳೆಯುತ್ತದೆ, ಗೇರ್ ಅರ್ಧ ಹೊರಬರುತ್ತದೆ. ಮೌಂಟಿಂಗ್ ನೋಡದೆ ಬಾಕ್ಸ್ ಬಿಚ್ಚಿ ಫೋರ್ಕ್ ಬದಲಿಸಿದರೆ ಹೊಸ ಫೋರ್ಕಿಗೂ ಅದೇ ಗತಿ. ಗೇರ್ ಲಿವರ್ ಮೇಲೆ ಸದಾ ಕೈಯಿಟ್ಟು ಓಡಿಸುವ ಚಟವಿದ್ದರೆ ಬಿಡಿ, ಆ ಭಾರ ಒಳಗೆ ಫೋರ್ಕಿನ ಮೇಲೆ ಬೀಳುತ್ತದೆ.

ನೆಲದ ಮೇಲೆ ಹನಿ

ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ, ಬೆಳಗ್ಗೆ ಯಾವ ಬಣ್ಣ, ಯಾವ ಜಾಗ ಎಂದು ನೋಡಿ. ಎಸಿಯದು ಬರೀ ನೀರು. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಎಣ್ಣೆ. ಜೇನಿನ ಬಣ್ಣ, ದಪ್ಪ, ಮೂಗಿಗೆ ಖಾರವಾದ ಗಂಧಕದ ವಾಸನೆ ಇದ್ದರೆ ಗೇರ್ ಎಣ್ಣೆ. ಕೆಂಪಾಗಿದ್ದರೆ ಹೆಚ್ಚಾಗಿ ಆಟೊಮ್ಯಾಟಿಕ್ ಬಾಕ್ಸಿನದು, ಇಲ್ಲವೇ ಪವರ್ ಸ್ಟೀರಿಂಗಿನದು. ಹಸಿರು, ಗುಲಾಬಿ ನೀರಾಗಿದ್ದು ಕೈಗೆ ಅಂಟಿದರೆ ಕೂಲಂಟ್, ಮಕ್ಕಳು ನಾಯಿಗಳು ಮುಟ್ಟದಂತೆ ತೊಳೆಯಿರಿ, ಅದು ವಿಷ.

ಮುಂದಿನ ಗಾಲಿಯ ಒಳಬದಿಯಲ್ಲಿ ಗೇರ್ ಎಣ್ಣೆ ಕಂಡರೆ ಆಕ್ಸಲ್ ಸೀಲ್. ಡಿಸೆಂಬರ್, ಜನವರಿಯಲ್ಲಿ ಈ ದೂರು ಬಂದರೆ ರಾಶಿಯ ಕಾಲ ಎಂಬುದನ್ನು ನೆನೆಯಿರಿ. ತೊಗರಿ ರಸ್ತೆಯ ಮೇಲೆ ಹಾಸಿರುತ್ತಾರೆ. ಅದರ ಮೇಲೆ ಓಡಿಸಿದಾಗ ಕಡ್ಡಿ, ದಂಟು ಆಕ್ಸಲಿಗೆ ಸುತ್ತಿಕೊಂಡು ಸೀಲನ್ನೂ ರಬ್ಬರ್ ಬೂಟನ್ನೂ ಕತ್ತರಿಸುತ್ತವೆ. ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತುವ ಅಪಾಯ ಇನ್ನೂ ದೊಡ್ಡದು. ಸುತ್ತಿಕೊಂಡದ್ದು ಅನುಮಾನವಾದರೆ ಹಾಸು ದಾಟಿ ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಆರಿದ ಮೇಲೆ ಬಿಡಿಸಿ.

ಮಟ್ಟ ನೋಡುವಾಗ ಒಂದು ನಿಯಮ: ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಎಣ್ಣೆ ಚೆಲ್ಲಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಸಮ ನೆಲದಲ್ಲಿ ಎಣ್ಣೆ ಆ ತೂತಿನ ಅಂಚಿನವರೆಗೆ ಇರಬೇಕು, ಸಣ್ಣ ಕಾರಿನ ಮ್ಯಾನುಯಲ್ ಬಾಕ್ಸ್ ಹಿಡಿಯುವುದು ಎರಡು ಲೀಟರಿನ ಆಸುಪಾಸು. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಮಸಿಯಂಥ ನುಣ್ಣನೆ ಪುಡಿ ಅಂಟಿದ್ದರೆ ಚಿಂತೆಯಿಲ್ಲ. ಉಗುರಿಗೆ ಸಿಗುವ ಚೂರು, ಹಲ್ಲಿನ ತುಂಡು ಸಿಕ್ಕರೆ ಗಾಡಿ ಅಲ್ಲಿಂದ ಟೋ ಮಾಡಿಸಿಯೇ ಹೋಗಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗಿನಂಥ ನೀರಿನಲ್ಲಿ ನಿಂತ ಗಾಡಿ, ಹಳ್ಳ ದಾಟಿಸಿದ ಗಾಡಿ, ಇವುಗಳಲ್ಲಿ ಬಾಕ್ಸ್ ಮೇಲಿನ ಗಾಳಿಯ ಕೊಳವೆಯಿಂದ ನೀರು ಒಳಹೋಗುತ್ತದೆ. ಎಣ್ಣೆ ಬದಲಿಸಿ, ಸ್ವಲ್ಪ ಓಡಿಸಿ, ಮತ್ತೊಮ್ಮೆ ಬದಲಿಸಬೇಕು. ಹಳೆಯ ಗಾಡಿ ಕೊಳ್ಳುವವರು ಇದನ್ನು ನೋಡಿದರೆ ಬಹಳ ದುಡ್ಡು ಉಳಿಯುತ್ತದೆ.

ಸದ್ದು

ಕ್ಲಚ್ ಬಿಟ್ಟು ನ್ಯೂಟ್ರಲಿನಲ್ಲಿ ನಿಂತಾಗ ಗುಂಯ್ ಎಂದು, ಕ್ಲಚ್ ಒತ್ತಿದರೆ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್. ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಆಕ್ಸಲಿನ ಹೊರ ಜಾಯಿಂಟ್, ಬೂಟ್ ಹರಿದು ಗ್ರೀಸ್ ಹೋಗಿ ಮಣ್ಣು ತುಂಬಿರುತ್ತದೆ. ಹಿಂದಿನ ಗಾಲಿ ಎಳೆಯುವ ದೊಡ್ಡ ಗಾಡಿಗಳಲ್ಲಿ ಹೊರಡುವಾಗ ‘ಠಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಇದ್ಯಾವುದಕ್ಕೂ, ಮೊದಲನೆಯದನ್ನು ಬಿಟ್ಟು, ಗೇರ್‌ಬಾಕ್ಸ್ ಬಿಚ್ಚಿ ಗೇರ್ ಬದಲಿಸುವ ಮಾತೇ ಬರಬಾರದು.

ವೇಗದ ಜೊತೆ ಏರುವ ಹೂಂಕಾರ ನ್ಯೂಟ್ರಲಿಗೆ ತಂದರೂ ನಿಲ್ಲದಿದ್ದರೆ ಗಾಲಿಯ ಬೇರಿಂಗ್ ಅಥವಾ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಜೋಡಣೆ). ಡಿಫರೆನ್ಷಿಯಲ್ ಪದೇ ಪದೇ ಹೋಗುತ್ತಿದ್ದರೆ ಎಳೆಯುವ ಎರಡೂ ಗಾಲಿಯ ಟೈರ್ ಪಕ್ಕಪಕ್ಕ ನೋಡಿ. ಒಂದು ಹೊಸದು, ಒಂದು ಬೋಳು, ಅಥವಾ ಸೈಜೇ ಬೇರೆ ಇದ್ದರೆ ನೇರ ರಸ್ತೆಯಲ್ಲೂ ಅದು ಸದಾ ತಿರುಗುತ್ತ ಸವೆಯುತ್ತದೆ.

ಎಎಂಟಿ: ನ್ಯೂಟ್ರಲಿನ ‘ಎನ್’ ಮಿನುಗುತ್ತದೆ, ಗಾಡಿ ಹೊರಡುವುದಿಲ್ಲ

2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮ ಸಣ್ಣ ಕಾರುಗಳಿಗೆ ಬಂದ ಎಎಂಟಿ ನಿಜದಲ್ಲಿ ಮ್ಯಾನುಯಲ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸ ಯಂತ್ರ ಮಾಡುತ್ತದೆ. ಹಾಗಾಗಿ ಮೇಲಿನದ್ದೆಲ್ಲ ಇದಕ್ಕೂ ಅನ್ವಯ, ಜೊತೆಗೆ ಕರೆಂಟಿನ ತಕರಾರು.

ಮೊದಲು ಬ್ಯಾಟರಿ. ನಮ್ಮ ಬೇಸಿಗೆ ಬ್ಯಾಟರಿಗಳನ್ನು ಬೇಗ ಸೋಲಿಸುತ್ತದೆ, ಸೋತ ಬ್ಯಾಟರಿಯಲ್ಲಿ ಪಂಪ್ ಒತ್ತಡ ಕಟ್ಟಲಾರದೆ ಬಾಕ್ಸ್ ನ್ಯೂಟ್ರಲಿಗೆ ಬೀಳುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ ಲೋಡ್ ಟೆಸ್ಟ್ ಮಾಡುತ್ತಾರೆ. ಆಮೇಲೆ ಬ್ರೇಕ್ ಲೈಟ್: ಬ್ರೇಕ್ ಒತ್ತಿದಾಗ ಹಿಂದೆ ದೀಪ ಹತ್ತುತ್ತದೆಯೇ? ಬ್ರೇಕ್ ಒತ್ತಿದ್ದೀರಿ ಎಂದು ಗಾಡಿಗೆ ತಿಳಿಸುವುದು ಆ ಸ್ವಿಚ್. ಅದು ಕೆಟ್ಟರೆ ಎಷ್ಟು ಒತ್ತಿದರೂ ಗೇರ್ ಹಾಕಲು ಒಪ್ಪುವುದಿಲ್ಲ. ಪೂರ್ತಿ ಗೇರ್ ಯೂನಿಟ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಈ ಎರಡನ್ನು ನೋಡಿದ್ದೀರಾ ಎಂದು ಕೇಳಿ.

ಹೊಸ ಕ್ಲಚ್ ಹಾಕಿದ ಮೇಲೂ ಗಾಡಿ ಜರ್ಕ್ ಹೊಡೆದರೆ ಸ್ಕ್ಯಾನರ್ ಹಚ್ಚಿ ಹೊಸ ಕ್ಲಚ್ ಹಿಡಿಯುವ ಬಿಂದುವನ್ನು ಗಾಡಿಗೆ ಕಲಿಸಿಲ್ಲ ಎಂದೇ ಹೆಚ್ಚಾಗಿ ಅರ್ಥ. ಅದಿಲ್ಲದೆ ಹೊಸ ಪ್ಲೇಟ್ ಬೇಗ ಸುಡುತ್ತದೆ. ಏರಿನಲ್ಲಿ ಎಕ್ಸಲೇಟರ್ ಮೇಲೆ ಗಾಡಿ ಹಿಡಿದು ನಿಲ್ಲಿಸುವುದೂ ಅದೇ ಕೆಲಸ ಮಾಡುತ್ತದೆ. ಬ್ರೇಕ್ ಒತ್ತಿ ನಿಲ್ಲಿ.

ಡ್ರೈವಿಗೆ ಹಾಕಿದರೂ ತಡ, ನಡುಕ, ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುವುದು

ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಎಣ್ಣೆಯೇ ಕೈಕಾಲು. ಡ್ರೈವಿಗೆ ಹಾಕಿ ಒಂದೆರಡು ಸೆಕೆಂಡ್ ತಡವಾಗಿ ಧಡ್ ಎಂದು ಹಿಡಿದರೆ ಎಣ್ಣೆಯ ಮಟ್ಟ ನೋಡಿಸಿ. ಈಗಿನ ಬಹಳ ಗಾಡಿಗಳಲ್ಲಿ ಅಳೆಯುವ ಕಡ್ಡಿಯೇ ಇಲ್ಲ, ನಿಗದಿತ ಉಷ್ಣತೆಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೆಳಗಿನ ಬೋಲ್ಟಿನಿಂದ ನೋಡಬೇಕು. ಇದು ಮನೆಯಂಗಳದ ಕೆಲಸವಲ್ಲ. ಎಣ್ಣೆಯ ಕೆಂಪು ಹೋಗಿ ಕಂದು ಬಣ್ಣವಾಗಿ ಸುಟ್ಟ ವಾಸನೆ ಹೊಡೆದರೆ ಒಳಗಿನ ಕ್ಲಚ್‌ಗಳು ಸುಡುತ್ತಿವೆ.

ಪದೇ ಪದೇ ಕೆಡುವ ಆಟೊಮ್ಯಾಟಿಕ್ ಬಾಕ್ಸ್‌ನಲ್ಲಿ ಮೊದಲು ಅನುಮಾನಿಸಬೇಕಾದದ್ದು ಎಣ್ಣೆ ತಣ್ಣಗಾಗಿಸುವ ಕೂಲರ್. ಹಳೆಯ ಬಾಕ್ಸ್ ಕೆಟ್ಟಾಗ ಲೋಹದ ಪುಡಿ, ಸುಟ್ಟ ಚೂರು ಕೂಲರ್ ಮತ್ತು ಪೈಪುಗಳಲ್ಲಿ ಕೂತಿರುತ್ತವೆ. ಬಾಕ್ಸ್ ರಿಪೇರಿ ಮಾಡಿ, ಕೂಲರ್ ತೊಳೆಯದೆ ಜೋಡಿಸಿದರೆ ಆ ಕೊಳೆಯೆಲ್ಲ ಹೊಸ ಬಾಕ್ಸ್ ಒಳಗೆ ಹೋಗುತ್ತದೆ, ಕೂಲರ್ ಕಟ್ಟಿಕೊಂಡಿದ್ದರೆ ಬಿಸಿಯಲ್ಲಿ ಬೇಯುತ್ತದೆ. ಏಪ್ರಿಲ್, ಮೇನಲ್ಲಿ ಎಸಿ ಹಾಕಿ, ಏಳು ಜನ ತುಂಬಿ ಹೈದರಾಬಾದಿನ ಕಡೆ ಹೊರಟ ದಿನವೇ ಬಾಕ್ಸ್ ಹೋಯಿತು ಎಂಬ ದೂರಿನ ಹಿಂದೆ ಹೆಚ್ಚಾಗಿ ಈ ಬಿಸಿ ಇರುತ್ತದೆ. ಬಿಲ್ಲಿನಲ್ಲಿ ‘ಕೂಲರ್ ಫ್ಲಶ್’ ಅಥವಾ ‘ಕೂಲರ್ ಬದಲು’ ಎಂದು ಬರೆದಿರದಿದ್ದರೆ ಕೇಳಿ. ಕೂಲರ್ ರೇಡಿಯೇಟರ್ ಒಳಗೇ ಇರುವ ಗಾಡಿಗಳಲ್ಲಿ ಅದು ಒಳಗೊಳಗೇ ಸೀಳಿದರೆ ಕೂಲಂಟ್ ಎಣ್ಣೆಗೆ ಬೆರೆತು ಗುಲಾಬಿ ಹಾಲಿನಂತಾಗುತ್ತದೆ. ಕಂಡ ಕೂಡಲೇ ಎಂಜಿನ್ ಬಂದ್. ರೇಡಿಯೇಟರ್ ಬದಲಿಸದೆ ಬಾಕ್ಸ್ ಮುಟ್ಟಬಾರದು.

ಸಿವಿಟಿಗೆ ಅದರದೇ ಎಣ್ಣೆ ಬೇಕು, ಟಾರ್ಕ್ ಕನ್ವರ್ಟರ್ ಗಾಡಿಯ ಕೆಂಪು ಎಣ್ಣೆ (ಎಟಿಎಫ್) ಸುರಿದರೆ ಬೆಲ್ಟ್ ಮತ್ತು ಪುಲ್ಲಿ ಉಳಿಯುವುದಿಲ್ಲ. ಒಣ (ಎಣ್ಣೆಯಲ್ಲಿ ಮುಳುಗದ) ಡ್ಯುಯಲ್ ಕ್ಲಚ್ ಗಾಡಿಗಳಿಗೆ ಜಾತ್ರೆಯ ಜಂಗುಳಿಯಲ್ಲಿ ಇಂಚಿಂಚು ತೆವಳುವುದು ಆಗದು. ಶರಣಬಸವೇಶ್ವರ ಜಾತ್ರೆಯ ದಿನ ಗುಡಿಯ ತನಕ ಹೋಗುವುದಕ್ಕಿಂತ ದೂರ ನಿಲ್ಲಿಸಿ ನಡೆಯುವುದು ಲೇಸು. ಬಿಸಿಯ ಎಚ್ಚರಿಕೆ ಬಂದರೆ ಬದಿಗೆ ಹಾಕಿ ಆರಲು ಬಿಡಿ.

ದೀಪ ಹತ್ತಿ ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಸ್ಕ್ಯಾನರ್ ಪಿ0700 ಎಂಬ ದೋಷದ ಕೋಡ್ ತೋರಿಸಿದರೆ ಗೇರ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ ಎಂದಷ್ಟೇ ತಿಳಿಯಿತು. ಸ್ಕ್ಯಾನರಿನಲ್ಲೇ ಆ ಕಂಪ್ಯೂಟರಿಗೆ ಹೋಗಿ ಉಳಿದ ಕೋಡ್ ಓದಬೇಕು. ಪಿ0715 ಬಂದರೆ ಇನ್‌ಪುಟ್ ವೇಗದ ಸೆನ್ಸರ್ ಮತ್ತು ಅದರ ವೈರ್ ಮೊದಲು. ಕೋಡ್ ಅಳಿಸುವ ಮುಂಚೆ ಫೋಟೊ ತೆಗೆದುಕೊಳ್ಳಿ, ಮುಂದಿನ ಸಲಕ್ಕೆ ಅದೇ ಸಾಕ್ಷಿ.

ಅಲ್ಲೇ ನಿಲ್ಲಿಸಬೇಕಾದ ಹೊತ್ತು

ಲೋಹ ಲೋಹಕ್ಕೆ ಉಜ್ಜುವ ಸದ್ದು, ಹೊಗೆ, ಧಾರೆಯಾಗಿ ಸೋರುವ ಎಣ್ಣೆ, ಗಾಲಿ ಹಿಡಿದುಕೊಂಡಂತೆ ಅನ್ನಿಸುವುದು: ಇವುಗಳಲ್ಲಿ ಯಾವುದು ಬಂದರೂ ‘ಹುಮನಾಬಾದ್ ತನಕ ಒಯ್ಯೋಣ’ ಎನ್ನಬೇಡಿ. ಎಣ್ಣೆ ಒಣಗಿದ ಬಾಕ್ಸ್ ಓಡುವಾಗಲೇ ಬಿಗಿದುಕೊಂಡರೆ ಗಾಲಿಗಳು ಲಾಕ್ ಆಗುತ್ತವೆ. ಬದಿಗೆ ಹಾಕಿ, ನಾಲ್ಕೂ ದೀಪ ಮಿನುಗಿಸಿ, ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಜನರನ್ನು ಇಳಿಸಿ ರಸ್ತೆಯಿಂದ ದೂರ ನೆರಳಿಗೆ ಕರೆದೊಯ್ಯಿರಿ. ಬಿಸಿಲಿನಲ್ಲಿ ಮುಚ್ಚಿದ ಕಾರಿನಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ಕೂರಿಸಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033.

ಮುಂದಿನ ಗಾಲಿ ಎಳೆಯುವ ಆಟೊಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಬಂದ್ ಇದ್ದಾಗ ಒಳಗಿನ ಪಂಪ್ ತಿರುಗುವುದಿಲ್ಲ, ಎಣ್ಣೆಯಿಲ್ಲದೆ ಗೇರ್‌ಗಳು ತಿರುಗಿ ಉಳಿದದ್ದೂ ಹಾಳಾಗುತ್ತದೆ. ಪೂರ್ತಿ ಮೇಲೆ ಹೊತ್ತೊಯ್ಯುವ ಗಾಡಿಯೇ ಬೇಕು.

ಮತ್ತೊಮ್ಮೆ ಬಿಚ್ಚಿಸುವುದೇ ಆದರೆ

ಮಿಸ್ತ್ರಿಗೆ ಕೇಳಬೇಕಾದ ಪ್ರಶ್ನೆ ‘ಎಷ್ಟಾಗ್ತದ’ ಅಲ್ಲ, ‘ಯಾಕ ಕೆಡ್ತು’. ಒಳ್ಳೆಯ ಮಿಸ್ತ್ರಿ ಮುರಿದ ಭಾಗ ಕೈಗಿಟ್ಟು ತೋರಿಸುತ್ತಾನೆ: ನೀಲಿಯಾದ ಹಲ್ಲು ಎಣ್ಣೆ ಒಣಗಿದ್ದರ ಗುರುತು, ಚಕ್ಕೆ ಎದ್ದ ಬೇರಿಂಗ್ ಕೊಳೆಯ ಅಥವಾ ಹಳತಾದ ಎಣ್ಣೆಯ ಗುರುತು, ಮುರಿದ ಹಲ್ಲು ಹೊಡೆತದ ಗುರುತು. ‘ಹಂಗ ಹೋಗ್ತಾವ್ರಿ’ ಎನ್ನುವುದು ಉತ್ತರವಲ್ಲ. ಹಾಗಂದರೆ ಇನ್ನೊಬ್ಬರಿಗೆ ತೋರಿಸಿ. ಹಳೆಯ ಭಾಗಗಳನ್ನು ಗೋಣಿಚೀಲದಲ್ಲಿ ಮನೆಗೆ ತನ್ನಿ. ಬಿಲ್ಲಿನಲ್ಲಿ ಭಾಗದ ನಂಬರ್, ಎಣ್ಣೆಯ ದರ್ಜೆ, ಕಿಲೋಮೀಟರ್ ಓಟ, ಎಷ್ಟು ತಿಂಗಳ ಗ್ಯಾರಂಟಿ ಎಂಬುದು ಬರಹದಲ್ಲಿರಲಿ.

ಒಂದೇ ದೋಷಕ್ಕೆ ದುಡ್ಡು ಕೊಟ್ಟು ಕೊಟ್ಟು ಸಾಕಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆ ಬಿಲ್, ಕೋಡಿನ ಫೋಟೊ, ಗೋಣಿಚೀಲದ ಚೂರುಗಳು ಅಲ್ಲಿ ಮಾತಾಡುತ್ತವೆ.

ಕೆಲಸ ಮುಗಿದ ದಿನ ಮಿಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡೇ ರಿಂಗ್ ರೋಡ್ ಸುತ್ತಿ ಬನ್ನಿ, ಎಲ್ಲ ಗೇರ್, ರಿವರ್ಸ್, ಒಂದು ಏರು, ಒಂದು ದಟ್ಟಣೆಯ ಸರ್ಕಲ್. ಮರಳಿ ಬಂದು ಟಾರ್ಚ್ ಹಾಕಿ ಕೆಳಗೆ ನೋಡಿ, ಸೀಲ್‌ಗಳು ಒಣಗಿರಬೇಕು. ಹೊಸ ಕ್ಲಚ್ ಕೂತ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಊರೊಳಗೇ ಮೆಲ್ಲಗೆ ಓಡಿಸಿ, ಭಾರ ತುಂಬಬೇಡಿ. ಆಮೇಲೆ ಮತ್ತೆ ಒಮ್ಮೆ ರಾತ್ರಿ ಕೆಳಗೆ ಪತ್ರಿಕೆ ಹಾಸಿ ನೋಡಿ, ಗಾಣಗಾಪುರಕ್ಕೆ ಅದರ ಮರುವಾರ ಹೋದರಾಯಿತು.